ಇಪ್ಪತ್ತೆಂಟು ಕಿಲೋ

ಸೋದರಮಾವ ಹಯ್ಯಾಳಪ್ಪನ ಬಿಲ್ಲು
ಹದಿನೇಳು ವರ್ಷ ಜಂತಿಗೆ ಜೋತುಬಿದ್ದಿತ್ತು
ಹೆದಿ ಬಿಚ್ಚಿ, ಮೈ ಸಡಿಲ ಬಿಟ್ಟು,
ಉಂಡು ಮಲಗಿದ ಹಾವಿನಂಗ.
ಮನಿ ಗಂಡಸ್ರು ಹಬ್ಬಕ್ಕೊಮ್ಮೆ ಇಳಿಸಿ
ಕುಂಕುಮ ಹಚ್ಚಿ, ಎಳೆದಂಗ ಮಾಡಿ,
ನಕ್ಕು, ಮತ್ತ ಅಲ್ಲೇ ಇಡ್ತಿದ್ರು.
ನಾ ಬರೇ ಕುಸುಬಿ ಎಣ್ಣಿ ಹಚ್ಚಾಕಿ.

ಯಾರೂ ಇಲ್ಲದ ಒಂದಿನ
ಮೊಣಕಾಲಿಗೆ ಒತ್ತಿ ಹೆದಿ ಏರಿಸಿದೆ.
ಏರಿಸೋದಕ್ಕೇ ಬೆವರು ಕಣ್ಣಿಗಿಳೀತು.
ಎಳೆದೆ.
ನಾಕು ಬೆರಳು ಬಂತು.
ಐದನೇದಕ್ಕ
ನೀ ಯಾರ ಮಗಳು ಅಂತ ಬಿಲ್ಲು ಕೇಳಿದಂಗಾತು.

ತೂಗಿ ನೋಡಬೇಕಲ್ಲ: ಹೆದಿಗೆ ಚೀಲ ಕಟ್ಟಿ
ತೊಗರಿ ಸುರೀತ ಹೋದೆ, ಸೇರಿಗೊಂದು ಸೇರು,
ಬಾಣದ ಉದ್ದಕ್ಕ ಇಳಿದು ನಿಂದ್ರೋತನಕ.
ಸುರಪುರದ ಬಜಾರದಾಗ ಕಾಟಾದ ಮ್ಯಾಲ ಇಟ್ರ
ಇಪ್ಪತ್ತೆಂಟು ಕಿಲೋ.
"ಬ್ಯಾಳಿ ಮಾಡಿಸ್ತಿ ಏನಬೇ?" ಅಂದ ಕಾಟಾದಾಂವ.
ಇಲ್ಲ, ನನ್ನ ಹೆಗಲಿಗೆ, ಅಂದೆ.

ಮೇದಾರ ಲಚಮವ್ವ ನಗಲಿಲ್ಲ.
ಬಿದಿರು ಸೀಳೋದು ಬಿಟ್ಟು ನನ್ನ ರೆಟ್ಟಿ ಹಿಚುಕಿದಳು
ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ.
"ಇದರಾಗೇನೂ ಇಲ್ಲ. ಇದರ ಕೆಲಸಾನೂ ಅಲ್ಲ ಹುಡುಗಿ.
ಬೆನ್ನಾಗ ಎರಡು ಹಲಗಿ ಅದಾವ ನೋಡು,
ಅವು ಬಾಗಿಲದಂಗ ಮುಚ್ಚಬೇಕು."
ನಲವತ್ತೊಂದರಾಕಿಗೆ ಹುಡುಗಿ ಅಂದಳಲ್ಲ,
ಅದಕ್ಕೇ ಅರ್ಧ ಕಿಲೋ ಬಲ ಬಂತು.

ಹತ್ತು ಕಿಲೋದ್ದು ಒಂದು ಕಟ್ಟಿಕೊಟ್ಟಳು, ಹುಡುಗರ ಆಟಿಗಿಯಂಥದ್ದು.
ಎಳೆದು ಇಪ್ಪತ್ತು ಎಣಿಸು ಅಂದಳು.
ಹನ್ನೊಂದಕ್ಕ ಮೊಣಕೈ ಹಾಡು ಶುರು ಮಾಡ್ತು.

ಕೆಂಭಾವಿ ಬಸ್ಸಿನ ಕಂಡಕ್ಟರು ನಾ.
ತಗ್ಗಿಗೊಮ್ಮೆ ಮ್ಯಾಲಿನ ಸರಳಿಗೆ ಜೋತು ಬೀಳೋದು,
ಗಂಟಿ ಹಗ್ಗ ಜಗ್ಗೋದು,
ಒಂದಕ್ಕ ನಿಂದ್ರು, ಎರಡಕ್ಕ ನಡಿ,
ಈಗ ಅವೂ ಲೆಕ್ಕಕ್ಕ ಬಂದವು.
ಹಿಂದಿನ ಬಾಗಿಲದಾಗ ನಿಂತು
ಬೆನ್ನಿನ ಹಲಗಿ ಮುಚ್ಚೋದು, ತೆಗೆಯೋದು.
"ಅಕ್ಕಾ, ಬೆನ್ನು ತುರಸ್ತದೇನ್ರಿ?" ಅಂತು ಕಾಲೇಜು ಹುಡುಗಿ.

ಹದಿನಾಲ್ಕು ಆತು. ಹದಿನೇಳು.
ಆಮ್ಯಾಲ ನನಗ ಸೊಕ್ಕು ಬಂತು,
ನೇರ ಜಂತಿಗೇ ಕೈ ಹಾಕಿದೆ.
ಎಡ ಹೆಗಲಾಗ
ಹಸಿ ಬಟ್ಟಿ ಹರಿದಂಥ ಸಪ್ಪಳ.

ಒಂದೂವರಿ ತಿಂಗಳು ಅತ್ತಿ ನನ್ನ ಹೆರಳು ಹಾಕಿದಳು.
ಬಸ್ಸಿನಾಗ ಗಂಟಿ ಬಿಟ್ಟು ಸೀಟಿ ಊದಿದೆ.
ಲಚಮವ್ವ ಬೈಲಿಲ್ಲ, ಅದೇ ಕೆಟ್ಟದನಿಸ್ತು.
ಒಲಿ ಮ್ಯಾಲ ಹೊಗಿಗೆ ಕಟ್ಟಿದ ಗಳ ತೋರಿಸಿದಳು:
"ಹಸೀದು ಬಾಗ್ತದ, ತಿರುಗಿ ಬರಂಗಿಲ್ಲ.
ಹಿಂಗ ಒಣಗಬೇಕು.
ನಿನ್ನ ಹೆಗಲು ಎಲ್ಲಿ ಕಟ್ಟಲಿ?"

ಮತ್ತ ಹತ್ತರಿಂದ.
ಒಂದಿನ ಎಳೆಯೋದು, ಒಂದಿನ ಸುಮ್ಮನಿರೋದು.
ಸುಮ್ಮನಿರೋ ದಿನಾನೇ ತ್ರಾಸು.
ಎರಡು ಸಲ ತೊಗರಿ ಬಂತು, ರಾಶಿ ಆತು, ಹೋತು.
ಕುಪ್ಪಸದ ತೋಳು ಎರಡು ಸಲ ಬಿಚ್ಚಿ ಹೊಲಿಸಿದೆ.
ಹೆದಿ ಎದಿಗೆ ಬಂತು. ಎದಿ ದಾಟಿ ಗದ್ದಕ್ಕ.
ಗದ್ದದ ಹತ್ರ ಅದೆಷ್ಟು ದಿನ ನಿಂತಿತೋ,
ಹೊಸ್ತಿಲದಾಗ ನಿಂತ ಬೀಗರಂಗ.

ನಿನ್ನೆ ನಸುಕಿನ್ಯಾಗ, ಗುಡ್ಡದ ಗುಂಡುಗಲ್ಲಿನ ನಡುವ,
ಹರಕು ಸೀರಿ ತುರುಕಿದ ಚೀಲಕ್ಕ ಮುಖ ಮಾಡಿ
ಮಾವನ ಬಿಲ್ಲು ಎಳೆದೆ.
ಹಲಗಿ ಎರಡೂ ಮುಚ್ಚಿದವು.
ಹೆದಿ ಕಿವಿ ಹತ್ರ ಬಂದು ಸಣ್ಣಗ ಉಸುರು ಬಿಡ್ತು.
ಯಾರೂ ನೋಡವರಿಲ್ಲ.

ಅಷ್ಟರಾಗ ಚೀಲದ ಹಿಂದಿನಿಂದ
ಆಡಿನ ಮರಿ ಒಂದು ತಲಿ ಹಾಕ್ತು
ಬಾಯಿ ಕಟ್ಟಿದ ಸುತಳಿ ತಿನ್ನಲಿಕ್ಕ.

ಬಿಡಲಿಲ್ಲ.
ಇಪ್ಪತ್ತೆಂಟು ಕಿಲೋ ತೊಗರಿ
ಬೆನ್ನಿನ ಮೆಟ್ಟಲದಾಗ ಒಂದೊಂದೇ ಹೆಜ್ಜಿ
ಹಿಂದಕ್ಕ ನಡಸ್ಕೊಂಡು ಬಂದೆ,
ಗದ್ದ, ಎದಿ, ಐದು ಬೆರಳು, ನಾಕು.
ಮರಿ ಸುತಳಿ ಮುಗಿಸಿ ಸೀರಿ ಸೆರಗಿಗೆ ಬಾಯಿ ಹಾಕಿತ್ತು.

ಆರು ಹತ್ತರ ಬಸ್ಸಿಗೆ ಓಡಿಬಂದೆ.
ಚಿಲ್ಲರ ಕೊಡೋ ಕೈ ಇನ್ನೂ ನಡುಗ್ತಿತ್ತು.
ಮಂದಿ ಹತ್ತಿ ಆತು. ನಡಿ ಅಂತ
ಗಂಟಿ ಹಗ್ಗ ಎರಡು ಸಲ ಜಗ್ಗಿದೆ.
ಎರಡನೇದಕ್ಕ
ಹಗ್ಗ ಕಿತ್ತು ಕೈಗೆ ಬಂತು.